‘ಆಡ್ತೀಯಾ?’ ಅಂತ ಅವನನ್ನೇ ಕೇಳಬೇಡಿ

ಮುಂಬಯಿ ಪಕ್ಕದ ಡೊಂಬಿವಲಿಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಬ್ಯಾಂಕಿನಿಂದ ನಿವೃತ್ತರಾದವರು, ಅಕ್ಷರ ಮುತ್ತು ಪೋಣಿಸಿದ ಹಾಗಿದೆ. ಸಾರ ಇಷ್ಟು: ‘ಹೋದ ಸಂಚಿಕೆಯಲ್ಲಿ 1962ರ ಫುಟ್‌ಬಾಲ್ ಆಟಗಾರ ಜರ್ನೈಲ್ ಸಿಂಗ್ ಬಗ್ಗೆ ಓದಿ ಮೈ ಜುಂ ಅಂದಿತು. ತಲೆಗೆ ಹೊಲಿಗೆ ಹಾಕಿಸಿಕೊಂಡು ಆಡಿ ದೇಶಕ್ಕೆ ಚಿನ್ನ ತಂದರು. ಇವತ್ತಿನ ಫುಟ್‌ಬಾಲ್ ಆಟಗಾರರು ಕೋಟಿ ಕೋಟಿ ಎಣಿಸಿಕೊಳ್ಳುತ್ತಾರೆ, ಸ್ವಲ್ಪ ಪೆಟ್ಟಾದರೆ ಮನೆಯಲ್ಲಿ ಕೂರುತ್ತಾರೆ. ನನ್ನ ಮೊಮ್ಮಗನಿಗೆ ಹದಿನೈದು, ಶಾಲೆಯ ತಂಡದಲ್ಲಿ ಆಡುತ್ತಾನೆ. ಪಾದ ಉಳುಕಿದೆ. ಮೂರು ವಾರ ಆಟ ಬೇಡ ಅಂದಿದ್ದಾರೆ ಡಾಕ್ಟರು. ಫೈನಲ್ ಇರುವುದು ಹತ್ತೇ ದಿನಕ್ಕೆ. ಅವನು ಆಡುತ್ತೇನೆ ಅನ್ನುತ್ತಾನೆ, ಕೋಚ್ ಕೂಡ ಬಾ ಅನ್ನುತ್ತಿದ್ದಾರೆ. ಅಡ್ಡ ಬಂದಿರುವವಳು ಅವನ ತಾಯಿ. ನೀವು ನಾಲ್ಕು ಸಾಲು ಬರೆದರೆ ಸೊಸೆಗೆ ತೋರಿಸುತ್ತೇನೆ.’

ರಾಯರೇ,

ಖಂಡಿತ ತೋರಿಸಿ. ಆದರೆ ಮೊದಲು ನೀವು ಕೊನೆಯ ತನಕ ಓದಿಕೊಳ್ಳಿ, ಆಮೇಲೆ ತೋರಿಸುವ ಮನಸ್ಸು ಉಳಿದರೆ ನೋಡೋಣ.

ನಿಮ್ಮ ಒಂದೆರಡು ಮಾತು ಒಪ್ಪುತ್ತೇನೆ. ಈಗಿನವರು ಹುಲ್ಲಿನ ಮೇಲೆ ಮಾಡುವ ಉರುಳು ಸೇವೆ ನನಗೂ ಸೇರುವುದಿಲ್ಲ. ಎದುರಾಳಿಯ ಬೆರಳು ಭುಜಕ್ಕೆ ತಾಗಿದರೆ ಮೊಣಕಾಲು ಹಿಡಿದುಕೊಂಡು ಬೀಳುವವರಿದ್ದಾರೆ. ಇನ್ನು, ಮೈಯಲ್ಲಿ ಎಲ್ಲೂ ನೋವಿಲ್ಲದ ದಿನವೇ ಆಡುತ್ತೇನೆ ಅಂತ ಕೂತರೆ ವೃತ್ತಿಪರ ಆಟಗಾರ ವರ್ಷಕ್ಕೆ ನಾಲ್ಕು ಪಂದ್ಯ ಆಡಿಯಾನು. ತೊಡೆ ಬಿಗಿಯುವುದು, ಹಿಮ್ಮಡಿ ನೋಯುವುದು, ಉಗುರು ಕಪ್ಪಾಗುವುದು ಆ ಕಸುಬಿನ ಜೊತೆಗೇ ಬಂದದ್ದು. ನೋವು ಬೇರೆ, ಗಾಯ ಬೇರೆ. ಸರಿ, ನಿಮ್ಮ ಪಕ್ಷಕ್ಕೆ ಸಲ್ಲಬೇಕಾದ ಮರ್ಯಾದೆ ಸಂದಿತು.

ನೀವು 1962 ಅಂದಿರಿ. ಜಕಾರ್ತಾ ಏಷ್ಯನ್ ಗೇಮ್ಸ್. ಜರ್ನೈಲ್ ಸಿಂಗ್ ಥಾಯ್ಲೆಂಡ್ ಎದುರು ತಲೆ ಒಡೆದುಕೊಂಡರು. ಆಮೇಲೆ ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ಮೇಲೂ ಗೋಲು ಹೊಡೆದರು, ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ಮೇಲೂ ಹೊಡೆದರು. 2-1ರಲ್ಲಿ ಚಿನ್ನ. ಕೋಚ್ ಸೈಯದ್ ಅಬ್ದುಲ್ ರಹೀಮ್ ಅವರಿಗೆ ಕ್ಯಾನ್ಸರ್ ಇತ್ತು, ಮುಂದಿನ ಜೂನ್‌ನಲ್ಲಿ ತೀರಿಕೊಂಡರು. ಅಂಥವರ ಬಗ್ಗೆ ಹಗುರವಾಗಿ ಮಾತಾಡಲು ನನಗೆ ನಾಲಗೆ ಏಳುವುದಿಲ್ಲ. ಆದರೆ ನಮ್ಮ ಲೇಖನದಲ್ಲೇ ಇದ್ದ ಒಂದು ಸಾಲು ನಿಮ್ಮ ಕಣ್ಣಿಗೆ ಬೀಳಲಿಲ್ಲ. ಜರ್ನೈಲ್ ಆಡುತ್ತಿದ್ದದ್ದು ರಕ್ಷಣೆಯಲ್ಲಿ. ಗಾಯವಾದ ಮೇಲೆ ಕೋಚ್ ರಹೀಮ್ ಜರ್ನೈಲರನ್ನು ಮುಂದಿನ ಸಾಲಿಗೆ ತಂದರು. ‘ನಿಂತಲ್ಲೇ ನಿಂತು ಸಹಿಸಿಕೋ’ ಅನ್ನಲಿಲ್ಲ, ಜಾಗ ಬದಲಿಸಿದರು.

ನಾನೂ 1962 ಅನ್ನುತ್ತೇನೆ ಕೇಳಿ. ಅದೇ ವರ್ಷ ಚಿಲಿಯಲ್ಲಿ ವಿಶ್ವಕಪ್. ಎರಡನೇ ಪಂದ್ಯದಲ್ಲಿ, ಚೆಕೊಸ್ಲೊವಾಕಿಯಾ ಎದುರು, ಪೆಲೆಗೆ ಸ್ನಾಯು ಹರಿಯಿತು. ಆ ಟೂರ್ನಿಯಲ್ಲಿ ಅವರು ಮತ್ತೆ ಮೈದಾನಕ್ಕೆ ಇಳಿಯಲಿಲ್ಲ. ಅವರ ಜಾಗಕ್ಕೆ ಬಂದವರು ಅಮರಿಲ್ಡೊ. ಸ್ಪೇನ್ ವಿರುದ್ಧ ಬ್ರೆಜಿಲ್ 2-1ರಲ್ಲಿ ಗೆದ್ದಿತು, ಎರಡೂ ಗೋಲು ಅಮರಿಲ್ಡೊ ಅವರದ್ದೇ. ಫೈನಲ್‌ನಲ್ಲೂ ಒಂದು ಹೊಡೆದರು, ಕಪ್ ಬ್ರೆಜಿಲ್‌ಗೆ ಹೋಯಿತು. ಜಗತ್ತಿನ ಅತಿ ದೊಡ್ಡ ಆಟಗಾರ ಪಕ್ಕಕ್ಕೆ ಕೂತಾಗಲೂ ವಿಶ್ವಕಪ್ ಗೆಲ್ಲಬಹುದು ಅಂತಾಯಿತಲ್ಲ. ಹಾಗಿದ್ದ ಮೇಲೆ ಡೊಂಬಿವಲಿಯ ಹುಡುಗ ಒಂದು ಫೈನಲ್ ಬಿಟ್ಟರೆ ಆಕಾಶ ಕಳಚಿ ಬೀಳುವುದಿಲ್ಲ.

ಹಳಬರ ಶೌರ್ಯದ ಬಗ್ಗೆ ಮಾತಾಡುವಾಗ ನಾವು ನಿಯಮವನ್ನು ಮರೆತುಬಿಡುತ್ತೇವೆ. 1956ರಲ್ಲಿ ಇಂಗ್ಲೆಂಡಿನ ಎಫ್‌ಎ ಕಪ್ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿಯ ಗೋಲಿ ಬರ್ಟ್ ಟ್ರಾಟ್‌ಮನ್ ಕುತ್ತಿಗೆ ಮೂಳೆ ಮುರಿದುಕೊಂಡೇ ಕೊನೆಯ ಹದಿನೇಳು ನಿಮಿಷ ಆಡಿದರು. ಮುರಿದದ್ದು ಗೊತ್ತಾದದ್ದು ಕೆಲವು ದಿನದ ಮೇಲೆ, ಎಕ್ಸ್-ರೇ ತೆಗೆದಾಗ. ಯಾಕೆ ಆಡಿದರು? ಬದಲಿ ಆಟಗಾರನನ್ನು ಇಳಿಸಲು ಅವಕಾಶವೇ ಇರಲಿಲ್ಲ. ವಿಶ್ವಕಪ್‌ನಲ್ಲಿ ಬದಲಿ ಆಟಗಾರರು ಬಂದದ್ದು 1970ರಲ್ಲಿ, ಅದೂ ತಂಡಕ್ಕೆ ಇಬ್ಬರು ಮಾತ್ರ. ಆ ಸಲ ಇಟಲಿ ಎದುರಿನ ಸೆಮಿಫೈನಲ್‌ನಲ್ಲಿ ಪಶ್ಚಿಮ ಜರ್ಮನಿಯ ಬೆಕನ್‌ಬಾಯರ್ ಭುಜ ಜಾರಿತು. ಅವರ ತಂಡದ ಇಬ್ಬರು ಬದಲಿ ಆಟಗಾರರೂ ಅಷ್ಟರಲ್ಲಿ ಇಳಿದಾಗಿತ್ತು. ಕೈಯನ್ನು ಎದೆಗೆ ಕಟ್ಟಿಕೊಂಡು ಆಡಿದರು. ಆ ಫೋಟೋ ನಾವೆಲ್ಲ ನೋಡಿದ್ದೇವೆ, ನನ್ನ ಬಳಿ ಕತ್ತರಿಸಿ ಇಟ್ಟದ್ದೂ ಇದೆ. ಧೈರ್ಯ ಇರಲಿಲ್ಲ ಅಂತ ಯಾರು ಹೇಳಿಯಾರು? ಆದರೆ ಅವರಿಗೆ ಬೇರೆ ದಾರಿಯೂ ಇರಲಿಲ್ಲ. ಈಗ ಐವರನ್ನು ಬದಲಿಸಬಹುದು. ಬಾವಿ ತೋಡಿ ನೀರು ಸೇದುವವರ ಕಾಲದ ಕಷ್ಟವನ್ನು ನಲ್ಲಿ ಬಂದ ಮನೆಯಲ್ಲೂ ಪಡಬೇಕು ಅಂದರೆ ಹೇಗೆ?

‘ಅವನೇ ಆಡುತ್ತೇನೆ ಅನ್ನುತ್ತಾನೆ’ ಅಂತ ಬರೆದಿದ್ದೀರಿ. ನನ್ನ ಜಗಳ ಇರುವುದೇ ಈ ಮಾತಿನ ಜೊತೆ. ಆಟಗಾರ ಇನ್ನೇನು ಹೇಳುತ್ತಾನೆ? 2014ರ ವಿಶ್ವಕಪ್ ಫೈನಲ್‌ನಲ್ಲಿ ಜರ್ಮನಿಯ ಕ್ರಿಸ್ಟೋಫ್ ಕ್ರಾಮರ್ ತಲೆಗೆ ಪೆಟ್ಟು ಬಿತ್ತು. ಎದ್ದು ಮತ್ತೆ ಆಡಿದರು. ಸ್ವಲ್ಪ ಹೊತ್ತಿಗೆ ರೆಫ್ರಿ ಹತ್ತಿರ ಹೋಗಿ ‘ಇದು ಫೈನಲ್ ತಾನೇ?’ ಅಂತ ವಿಚಾರಿಸಿದರು. ತಾನು ಎಲ್ಲಿದ್ದೇನೆ ಅಂತಲೇ ಗೊತ್ತಿಲ್ಲದವನೂ ಆಡುತ್ತಲೇ ಇದ್ದ, ರಾಯರೇ! 31ನೇ ನಿಮಿಷದಲ್ಲಿ ಅವರನ್ನು ಹೊರಗೆ ಕರೆಸಿದರು. ಬದಲಿಗೆ ಬಂದವರು ಶ್ಯೂರ್ಲೆ. ಹೆಚ್ಚುವರಿ ಸಮಯದಲ್ಲಿ ಎಡಗಡೆಯಿಂದ ಚೆಂಡು ಕೊಟ್ಟವರೂ ಅವರೇ. ಅದನ್ನು ಎದೆಯಲ್ಲಿ ತಡೆದು ಗೋಲಿಗೆ ಹಾಕಿದ ಗೋಟ್ಸೆ ಕೂಡ ಬೆಂಚಿನಿಂದಲೇ ಬಂದವರು.

ಅರ್ಜೆಂಟೀನಾದ ಬಟಿಸ್ಟುಟಾ ನಿಮಗೆ ನೆನಪಿರಬೇಕು, ಆ ಉದ್ದ ಕೂದಲಿನವರು. ನೋವು ನುಂಗಿಕೊಂಡೇ ಆಡಿದರು. ಆಟ ಬಿಟ್ಟ ಮೇಲೆ ಪಾದದ ನೋವು ತಡೆಯಲಾರದೆ ‘ಕಾಲು ಕತ್ತರಿಸಿಬಿಡಿ’ ಅಂತ ಡಾಕ್ಟರನ್ನು ಬೇಡಿಕೊಂಡೆ ಅಂತ ಅವರೇ ಹೇಳಿಕೊಂಡಿದ್ದಾರೆ. ರಾತ್ರಿ ಬಚ್ಚಲು ಎರಡು ಹೆಜ್ಜೆಯಲ್ಲಿದ್ದರೂ ಹೋಗಲಾಗದೆ ಹಾಸಿಗೆಯಲ್ಲೇ ಆಗಿಬಿಡುತ್ತಿತ್ತಂತೆ. ನಾವು ಟಿವಿ ಮುಂದೆ ಚಪ್ಪಾಳೆ ತಟ್ಟಿದ್ದು ಬರೀ ಗೋಲಿಗೆ. ನೋವು ಕಾಣದಂತೆ ಹಾಕಿಸಿಕೊಳ್ಳುವ ಚುಚ್ಚುಮದ್ದು ಗಾಯ ಮಾಯಿಸುವುದಿಲ್ಲ, ಮನೆಗೆ ಬೆಂಕಿ ಬಿದ್ದಾಗ ಗಂಟೆಯ ತಂತಿ ಕೀಳುತ್ತದೆ ಅಷ್ಟೆ. ಟ್ರಮಡಾಲ್ ಅನ್ನುವ ನೋವಿನ ಮಾತ್ರೆಯನ್ನು 2024ರಿಂದ ಪಂದ್ಯದ ಹೊತ್ತಿಗೆ ನಿಷೇಧಿಸಿದ್ದಾರೆ. ಯಾರೂ ನುಂಗದಿದ್ದರೆ ಯಾಕೆ ನಿಷೇಧಿಸುತ್ತಿದ್ದರು?

ಹೋಗಲಿ, ತ್ಯಾಗ ಮಾಡಿದರೆ ತಂಡಕ್ಕಾದರೂ ಲಾಭವೋ? ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್. ಅದರ 2014ರ ಫೈನಲ್‌ಗೆ ಮುಂಚೆ ಅಟ್ಲೆಟಿಕೊ ಮ್ಯಾಡ್ರಿಡ್‌ನ ಡಿಯೇಗೊ ಕೋಸ್ಟಾಗೆ ತೊಡೆಯ ಸ್ನಾಯು ಕೈಕೊಟ್ಟಿತ್ತು. ಬೆಲ್‌ಗ್ರೇಡ್‌ಗೆ ಹೋಗಿ ಕುದುರೆ ಈಯುವಾಗ ಬೀಳುವ ಮಾಸಿನಿಂದ ತಯಾರಿಸಿದ ಔಷಧಿ ಹಚ್ಚಿಸಿಕೊಂಡು ಬಂದರು. ನಮ್ಮಲ್ಲಿ ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಂಡರೆ ಸೊಂಟದ ಉಳುಕು ಹೋಗುತ್ತದೆ ಅನ್ನುತ್ತಾರೆ, ಅದಕ್ಕೆ ನಗುವವರು ಇದನ್ನೂ ಕೇಳಿಕೊಳ್ಳಲಿ. ಪಂದ್ಯ ಶುರುವಾಗಿ ಒಂಬತ್ತೇ ನಿಮಿಷಕ್ಕೆ ಕೋಸ್ಟಾ ಹೊರಗೆ. ಒಂದು ಬದಲಾವಣೆ ಅಲ್ಲಿಗೇ ಪೋಲಾಯಿತು. ಹೆಚ್ಚುವರಿ ಸಮಯದಲ್ಲಿ ಹುವಾನ್‌ಫ್ರಾನ್ ಕುಂಟುತ್ತಿದ್ದರು, ಬದಲಿಸಲು ಅವಕಾಶ ಉಳಿದಿರಲಿಲ್ಲ. 4-1ರಲ್ಲಿ ಸೋತರು. 2019ರಲ್ಲಿ ಅದೇ ಟೂರ್ನಿಯಲ್ಲಿ ಇಂಗ್ಲೆಂಡಿನ ಟಾಟನ್‌ಹ್ಯಾಮ್ ಕ್ಲಬ್ಬಿನ ಕಥೆಯೂ ಹೆಚ್ಚುಕಡಿಮೆ ಅದೇ. ಹ್ಯಾರಿ ಕೇನ್ ಏಪ್ರಿಲ್‌ನಲ್ಲಿ ಪಾದದ ಗಾಯದಿಂದ ಹೊರಗೆ ಹೋದರು. ಅವರಿಲ್ಲದೆಯೇ ಸೆಮಿಫೈನಲ್‌ನಲ್ಲಿ ಅಯಾಕ್ಸ್ ಮೇಲೆ ಮೂರು ಗೋಲು ಹೊಡೆದು ತಂಡವನ್ನು ಫೈನಲ್‌ಗೆ ಎಳೆದುಕೊಂಡು ಹೋದವರು ಲೂಕಸ್ ಮೌರಾ. ಫೈನಲ್ ದಿನ ಕೇನ್ ಒಳಗೆ, ಲೂಕಸ್ ಬೆಂಚಿನಲ್ಲಿ. 2-0ಯಿಂದ ಸೋತರು. ಕೇನ್ ಒಳ್ಳೆಯ ಆಟಗಾರರೇ, ಸಂಶಯವಿಲ್ಲ. ನನಗೆ ಅವತ್ತು ರಾತ್ರಿ ನಿದ್ದೆ ಬಾರದೆ ಹೋದದ್ದು ಲೂಕಸ್ ಮುಖ ನೆನೆದು.

ನನಗೇಕೆ ಇಷ್ಟು ಉರಿ ಅಂತೀರಾ? 1984ರ ಮಳೆಗಾಲ. ನಾನಾಗ ಫೋರ್ಟಿನ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದೆ. ಹೋಟೆಲ್, ಆಫೀಸು, ರಾತ್ರಿ ಶಾಲೆಯ ಹುಡುಗರೆಲ್ಲ ಸೇರಿ ಕನ್ನಡಿಗರ ಒಂದು ತಂಡ ಕಟ್ಟಿದ್ದೆವು. ಆಜಾದ್ ಮೈದಾನದ ಕೆಸರಿನಲ್ಲಿ ಸೆಮಿಫೈನಲ್. ತಿರುಗುವಾಗ ಮೊಣಕಾಲಿನೊಳಗೆ ಅಡಕತ್ತರಿಯಲ್ಲಿ ಅಡಿಕೆ ಕತ್ತರಿಸಿದ ಹಾಗೆ ‘ಟಕ್’ ಅಂದಿತು. ಸಂಜೆಯೊಳಗೆ ತೆಂಗಿನಕಾಯಿಯಷ್ಟು ಊತ. ಮುಂದಿನ ಭಾನುವಾರ ಫೈನಲ್. ‘ಆಡ್ತೀಯಾ?’ ಅಂದರು ನಮ್ಮ ಕ್ಯಾಪ್ಟನ್. ‘ಆಡ್ತೇನೆ’ ಅಂದೆ. ಐಯೋಡೆಕ್ಸ್ ತಿಕ್ಕಿ, ಎರಡು ಕ್ರೇಪ್ ಬ್ಯಾಂಡೇಜ್ ಸುತ್ತಿ ಇಳಿದೆ. 3-1ರಲ್ಲಿ ಸೋತೆವು. ಮೂರನೇ ಗೋಲು ಬಂದದ್ದು ನಾನು ಕಾಯುತ್ತಿದ್ದ ಎಡಗಡೆಯಿಂದ. ಆ ಹುಡುಗ ನನ್ನ ಪಕ್ಕದಲ್ಲೇ ಓಡಿಹೋದ, ನನಗೆ ತಿರುಗಲಿಕ್ಕೇ ಆಗಲಿಲ್ಲ. ಆದರೂ ಕುಂಟಿಕೊಂಡು ಆಡಿದ್ದಕ್ಕೆ ನನಗೆ ವಿಶೇಷ ಬಹುಮಾನ, ಒಂದು ಸ್ಟೀಲ್ ಟಿಫಿನ್ ಡಬ್ಬಿ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ನಮ್ಮ ತಂಡದಲ್ಲಿ ಕುಂದಾಪುರ ಕಡೆಯ ಹುಡುಗನೊಬ್ಬ ಇದ್ದ. ಹೋಟೆಲಿನಲ್ಲಿ ಟೇಬಲ್ ಒರೆಸುವ ಕೆಲಸ. ಜಿಂಕೆ ಹಾಗೆ ಓಡುತ್ತಿದ್ದ. ನನ್ನ ಕಾಲು ನೋಡಿ, ತನ್ನ ಪಾಳಿ ಬಂತು ಅಂದುಕೊಂಡಿದ್ದ. ಧಣಿಗಳನ್ನು ಕಾಡಿ ಬೇಡಿ ರಜೆ ತೆಗೆದುಕೊಂಡು, ಯಾರದ್ದೋ ದೊಡ್ಡ ಬೂಟು ಎರವಲು ತಂದು, ತುದಿಗೆ ಪೇಪರ್ ತುರುಕಿ ಹಾಕಿಕೊಂಡು ಬಂದಿದ್ದ. ಪಂದ್ಯ ಮುಗಿಯುವವರೆಗೂ ಲೇಸ್ ಬಿಗಿದುಕೊಂಡೇ ಗೆರೆಯ ಹೊರಗೆ ಕುಕ್ಕರಗಾಲಿನಲ್ಲಿ ಕೂತಿದ್ದ. ನಾನು ಡಬ್ಬಿ ಹಿಡಿದುಕೊಂಡು ಬಂದಾಗ ಒಂದೊಂದೇ ಲೇಸ್ ಬಿಚ್ಚಿ, ಒಳಗಿನ ಪೇಪರ್ ತೆಗೆದು, ಬೂಟನ್ನು ಮಳೆನೀರಿನಲ್ಲಿ ತೊಳೆಯುತ್ತಿದ್ದ. ಬೂಟಿನಲ್ಲಿ ತೊಳೆಯುವಂಥ ಕೆಸರೇ ಇರಲಿಲ್ಲ. ಆಮೇಲೆ ಗಲ್ಫಿಗೆ ಹೋದ ಅಂತ ಕೇಳಿದೆ.

ಹತ್ತು ವರ್ಷದ ಮೇಲೆ ನನ್ನ ಮೊಣಕಾಲು ನೋಡಿದ ಡಾಕ್ಟರು, ಒಳಗಿನ ಕಟ್ಟು ಯಾವತ್ತೋ ಹರಿದಿದೆ, ಮೂಳೆಗಳ ನಡುವಿನ ಮೆತ್ತೆಯೂ ಸವೆದಿದೆ ಅಂದರು. ದಾದರಿನ ಸೇತುವೆ ಮೆಟ್ಟಿಲನ್ನು ನಾನು ಇವತ್ತಿಗೂ ಏಡಿಯ ಹಾಗೆ ಅಡ್ಡಡ್ಡ ಇಳಿಯುತ್ತೇನೆ. ಹಿಂದಿನಿಂದ ಬರುವವರು ಬೈಯುತ್ತಾರೆ. ಡಬ್ಬಿ ಮನೆಯಲ್ಲಿದೆ, ಮುಚ್ಚಳ ಕೂರುವುದಿಲ್ಲ.

ನಿಮ್ಮ ಮೊಮ್ಮಗನ ವಿಷಯ. ಹದಿನೈದರ ಹುಡುಗನ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ. ಬೆಳೆಯುವ ಜಾಗ ಮೂಳೆಯ ತುದಿಯಲ್ಲಿರುತ್ತದೆ. ಅದು ಸುತ್ತಲಿನ ಕಟ್ಟುಗಳಿಗಿಂತ ಮೆದು. ದೊಡ್ಡವರಿಗೆ ಬರೀ ಉಳುಕು ಆಗುವ ಪೆಟ್ಟಿಗೆ ಮಕ್ಕಳಲ್ಲಿ ಆ ಜಾಗಕ್ಕೇ ಏಟು ಬೀಳಬಹುದು. ಊತ ಇಳಿದರೆ ಗುಣವಾಯಿತು ಅಂತಲೂ ಅಲ್ಲ. ಪಾದಕ್ಕೆ ನೆಲದ ಅಂದಾಜು ಸಿಗುವುದು ತಡವಾಗುತ್ತದೆ, ಅಷ್ಟರೊಳಗೆ ಇಳಿದರೆ ಅದೇ ಕಾಲು ಮತ್ತೆ ಹೊರಳುತ್ತದೆ. ಕಣ್ಣು ಮುಚ್ಚಿ ಆ ಒಂದೇ ಕಾಲಿನಲ್ಲಿ ನಿಲ್ಲು ಅಂತ ಹೇಳಿ ನೋಡಿ. ನಿಂತರೂ ಆಡಿಸಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಇನ್ನು ಆ ‘ಕೋಟಿ’. ಕೋಟಿ ಎಣಿಸುವವರು ಕೈಬೆರಳೆಣಿಕೆಯ ಮಂದಿ. ಮುಂಬಯಿಯಲ್ಲಿ ಹಿಂದೆ ರೈಲ್ವೆ, ಟಾಟಾ, ಮಫತ್‌ಲಾಲ್, ಒರ್ಕೆ ಮಿಲ್ಸ್ ತಂಡಗಳಿದ್ದವು. ಕೂಪರೇಜ್ ಮೈದಾನದಲ್ಲಿ ರೋವರ್ಸ್ ಕಪ್ ಟೂರ್ನಿ ನೋಡಿದವರಿಗೆ ಗೊತ್ತು. ಅಂಥ ತಂಡದ ಆಟಗಾರನಿಗೆ ಆಫೀಸಿನಲ್ಲಿ ಒಂದು ಮೇಜು ಇರುತ್ತಿತ್ತು. ಕಾಲು ಮುರಿದರೂ ಒಂದನೇ ತಾರೀಕಿಗೆ ಸಂಬಳ. ಈಗಿನ ಹುಡುಗನಿಗೆ ಒಂದೋ ಎರಡೋ ಸೀಸನ್ನಿನ ಕರಾರು. ಗಾಯ ಹೇಳಿಕೊಂಡರೆ ಮುಂದಿನ ವರ್ಷ ಯಾರು ಕರೆಯುತ್ತಾರೆ? ಅದಕ್ಕೇ ಬಚ್ಚಿಡುತ್ತಾನೆ. ನಾವು ಅದಕ್ಕೆ ಕೆಚ್ಚು ಅಂತ ಹೆಸರಿಡುತ್ತೇವೆ.

2004ರ ಡಿಸೆಂಬರ್ 5ರಂದು ಬೆಂಗಳೂರಿನ ಕಂಠೀರವದಲ್ಲಿ ಫೆಡರೇಷನ್ ಕಪ್ ಫೈನಲ್. ಗೋವಾದ ಡೆಂಪೊ ಪರ ಎರಡು ಗೋಲು ಹೊಡೆದ ಬ್ರೆಜಿಲ್‌ನ ಕ್ರಿಸ್ಟಿಯಾನೊ ಜೂನಿಯರ್, ಎದುರು ತಂಡದ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಬಿದ್ದವರು ಮತ್ತೆ ಏಳಲಿಲ್ಲ. ಮೈದಾನದಲ್ಲಿ ಚಿಕಿತ್ಸೆಯ ಏರ್ಪಾಡು ಇರಬೇಕು ಅಂತ ಅದಾದ ಮೇಲಾದರೂ ನಾವು ಕಲಿಯಬೇಕಿತ್ತು ಅಲ್ವಾ? ನಮ್ಮ ಉಪನಗರಗಳ ಟೂರ್ನಿಗೆ ಹೋಗಿ ನೋಡಿ. ಶಾಮಿಯಾನ, ಮೈಕು, ಮುಖ್ಯ ಅತಿಥಿಗೆ ಶಾಲು, ಆಳೆತ್ತರದ ಟ್ರೋಫಿ ಎಲ್ಲ ಇರುತ್ತದೆ. ಒಂದು ಡಬ್ಬ ಐಸ್ ಇರುವುದಿಲ್ಲ. ಕಾಲು ಉಳುಕಿದವನಿಗೆ ಪಕ್ಕದ ಗಾಡಿಯ ಬರ್ಫ್ ಗೋಳಾದವನ ಹತ್ತಿರ ಐಸ್ ಬೇಡಿ ತಂದದ್ದನ್ನು ಹೋದ ವರ್ಷವೂ ನೋಡಿದೆ.

ಆಟದ ಮಾತೇ ಯಾಕೆ? ಕಾವಲಿ ತಾಗಿ ಮೊಣಕೈ ತನಕ ಸುಟ್ಟುಕೊಂಡ ಭಟ್ಟರೊಬ್ಬರು ಬಾಳೆಲೆ ಸುತ್ತಿಕೊಂಡು ಸಂಜೆಯ ದೋಸೆ ಹುಯ್ಯುತ್ತಿದ್ದುದನ್ನು ಕಂಡಿದ್ದೇನೆ. ‘ನೋಡಿ, ದುಡಿಮೆ ಅಂದರೆ ಇದು’ ಅಂತ ಗಿರಾಕಿಗಳು ಹೊಗಳಿದರು. ಇನ್ನೊಬ್ಬ ಭಟ್ಟರು ಇಲ್ಲವೇ ಅಂತ ಯಾರೂ ಗಲ್ಲೆಯಲ್ಲಿ ಕೇಳಲಿಲ್ಲ, ನಾನೂ ಕೇಳಲಿಲ್ಲ. ಮಸಾಲೆ ದೋಸೆ ತಿಂದು ಎದ್ದುಬಂದೆ. ನಮ್ಮ ಸಂಘಗಳ ಸನ್ಮಾನ ಪತ್ರಗಳಲ್ಲಿ ‘ಮೂವತ್ತೈದು ವರ್ಷ ಒಂದು ದಿನವೂ ರಜೆ ಹಾಕದೆ’ ಅನ್ನುವ ಸಾಲು ಇದ್ದೇ ಇರುತ್ತದೆ. ಹತ್ತಾರು ಸಲ ಆ ಸಾಲು ಬರೆದುಕೊಟ್ಟವನು ನಾನೇ. ಇನ್ನು ಬರೆಯುವುದಿಲ್ಲ.

ಪತ್ರದ ಕೊನೆಯಲ್ಲಿ ‘ಒಮ್ಮೆ ಆಫೀಸಿಗೆ ಬಂದು ಭೇಟಿಯಾಗುವೆ’ ಅಂದಿದ್ದೀರಿ. ಬನ್ನಿ, ಮೊಮ್ಮಗನನ್ನೂ ಕರೆದುಕೊಂಡು ಬನ್ನಿ. ಆದರೆ ನಮ್ಮದು ಎರಡನೇ ಮಹಡಿ, ಲಿಫ್ಟ್ ಇಲ್ಲ. ಅವನ ಕಾಲಿಗೆ ಮೆಟ್ಟಿಲು ಬೇಡ. ಕೆಳಗಿನ ಹೋಟೆಲಿನಲ್ಲಿ ಕೂತು ಒಂದು ಫೋನ್ ಮಾಡಿ, ನಾನೇ ಇಳಿದು ಬರುತ್ತೇನೆ. ಕಾಫಿ ತರಿಸಿಕೊಂಡು ಕುಡಿಯುತ್ತಿರಿ, ನಾನು ಇಳಿಯುವುದು ಸ್ವಲ್ಪ ನಿಧಾನ.

ಸಂಪಾದಕ