ದುಡಿದು ತಿನ್ನುವವರಿಗೆ ಪ್ರವೇಶವಿಲ್ಲವೇ?

ಶಿವಮೊಗ್ಗದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಹಳೆಯ ಒಲಿಂಪಿಕ್ಸ್‌ನಲ್ಲಿ ಸೈಕಲ್ ತುಳಿದವರು ದುಡ್ಡಿಗೆ ಆಸೆಪಡದ ಶುದ್ಧ ಹವ್ಯಾಸಿಗಳು. ಈಗಿನವರು ಪದಕ ತೋರಿಸಿ ನೌಕರಿ ಹಿಡಿಯಲೆಂದೇ ತುಳಿಯುತ್ತಾರೆ. ಆಟದ ಮರ್ಯಾದೆ ಹೋಯಿತು. ಇದನ್ನು ನೀವೇಕೆ ಬರೆಯುವುದಿಲ್ಲ?"

ಮೇಷ್ಟ್ರೇ, ನಿಮ್ಮ ಪತ್ರ ಓದಿ ಖುಷಿಯಾಯಿತು. 1896ರಲ್ಲಿ ಅಥೆನ್ಸಿನಲ್ಲಿ ನಡೆದ ಮೊದಲ ಆಧುನಿಕ ಒಲಿಂಪಿಕ್ಸ್‌ನಂಥ ಹಳೆಯ ಕಾಲದ ಬಗ್ಗೆ ಇಷ್ಟು ಪ್ರೀತಿಯಿಂದ ಬರೆಯುವವರು ಎಷ್ಟು ಜನ ಇದ್ದಾರೆ? ಆಗಿನ ದೊಡ್ಡತನ ಸುಳ್ಳೇನಲ್ಲ. 100 ಕಿ.ಮೀ. ಓಟದಲ್ಲಿ ಗ್ರೀಸ್‌ನ ಕೊಲೆಟ್ಟಿಸ್‌ನ ಸೈಕಲ್ ಕೆಟ್ಟಾಗ ಫ್ರಾನ್ಸಿನ ಲಿಯೋನ್ ಫ್ಲಮೆಂಗ್ ತಾನೂ ಇಳಿದು ನಿಂತು ಕಾದ. ಆಮೇಲೆ ಹತ್ತಿ ಗೆದ್ದ. ಚೆನ್ನಾಗಿದೆ, ಒಪ್ಪಿದೆ.

ಆದರೆ ಅದೇ ಅಥೆನ್ಸಿನಲ್ಲಿ ಇನ್ನಿಬ್ಬರು ಸೈಕಲ್ ತುಳಿದರು. ಎಡ್ವರ್ಡ್ ಬ್ಯಾಟೆಲ್, ಫ್ರೆಡರಿಕ್ ಕೀಪಿಂಗ್. ಇಬ್ಬರೂ ಅಲ್ಲಿನ ಬ್ರಿಟಿಷ್ ರಾಯಭಾರಿ ಕಚೇರಿಯ ಆಳುಗಳು. ಇವರು ಹೆಸರು ಕೊಟ್ಟದ್ದೇ ತಡ, ಊರಲ್ಲಿದ್ದ ಕೆಲವು ಇಂಗ್ಲಿಷ್ ದೊಡ್ಡಮನುಷ್ಯರು ತಡೆಯಲು ಹೊರಟರು. ಇವರು ದುಡಿದು ತಿನ್ನುವವರು, ಹಾಗಾಗಿ ಹವ್ಯಾಸಿಗಳೇ ಅಲ್ಲ ಅನ್ನುವುದು ಅವರ ವಾದ. ನೀವು ಹೇಳುವ ಶುದ್ಧತೆ ಇದೇ ಅಲ್ವಾ? ಓಡಿ ದುಡ್ಡು ತೆಗೆದುಕೊಂಡರೆ ತಪ್ಪು ಅಂದರೆ ಒಂದು ಮಾತು. ಬೇರೆಯವರ ಮನೆಯಲ್ಲಿ ಪಾತ್ರೆ ಎತ್ತಿಟ್ಟು ಸಂಬಳ ತೆಗೆದುಕೊಳ್ಳುವುದೂ ತಪ್ಪೇ?

ಅವರ ತಡೆ ನಡೆಯಲಿಲ್ಲ. ಬ್ಯಾಟೆಲ್ ಅಥೆನ್ಸಿನಿಂದ ಮ್ಯಾರಥಾನ್ ಎಂಬ ಊರಿಗೆ ಹೋಗಿ ವಾಪಸ್ ಬರುವ 87 ಕಿ.ಮೀ. ರಸ್ತೆ ಓಟದಲ್ಲಿ ಮೂರನೆಯವನಾದ. ಕೀಪಿಂಗ್ ಇಳಿದದ್ದು 12 ಗಂಟೆಯ ಓಟಕ್ಕೆ. ಬೆಳಗ್ಗೆ ಶುರುವಾಗಿ ಸಂಜೆಯವರೆಗೆ ಒಂದೇ ಪುಟ್ಟ ಟ್ರ್ಯಾಕಿನಲ್ಲಿ ಸುತ್ತುವುದು. ಒಬ್ಬೊಬ್ಬರಾಗಿ ಎಲ್ಲರೂ ಬಿಟ್ಟರು. ಕೊನೆಗೆ ಉಳಿದವರು ಆಸ್ಟ್ರಿಯಾದ ಅಡಾಲ್ಫ್ ಶ್ಮಾಲ್ ಮತ್ತು ಈ ಆಳು. ಇಬ್ಬರೂ ಸುಮಾರು 315 ಕಿ.ಮೀ. ತುಳಿದಿದ್ದರು. ಶ್ಮಾಲ್ ಗೆದ್ದದ್ದು ಒಂದೇ ಒಂದು ಸುತ್ತಿನಿಂದ! ಈ ಕೀಪಿಂಗ್‌ನನ್ನೇ ಬಾಗಿಲಲ್ಲಿ ನಿಲ್ಲಿಸಬೇಕೆಂದಿದ್ದರು ಮೇಷ್ಟ್ರೇ.

ಇದು ಸೈಕಲ್ ಒಂದರ ಕತೆಯಲ್ಲ. ಇಂಗ್ಲೆಂಡಿನ ಹೆನ್ಲಿ ದೋಣಿ ಸ್ಪರ್ಧೆಯಲ್ಲಿ ಮೆಕ್ಯಾನಿಕ್, ಕುಶಲಕರ್ಮಿ, ಕೂಲಿಕಾರ ಯಾರೂ ಹವ್ಯಾಸಿ ಅಲ್ಲ ಅಂತ ನಿಯಮದಲ್ಲೇ ಬರೆದಿದ್ದರು. ಅಮೆರಿಕದ ಮೂಲನಿವಾಸಿ ಜಿಮ್ ಥಾರ್ಪ್ 1912ರ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದ. ಹಿಂದೊಮ್ಮೆ ಬೇಸ್‌ಬಾಲ್ ಆಡಿ ಪುಡಿಗಾಸು ಪಡೆದಿದ್ದ ಎಂದು ಮರುವರ್ಷವೇ ಅವನ್ನು ಕಿತ್ತುಕೊಂಡರು. ವಾಪಸ್ ಕೊಡಲು ಒಪ್ಪಿದ್ದು 1982ರಲ್ಲಿ. ಅಷ್ಟರಲ್ಲಿ ಅವನು ತೀರಿಕೊಂಡು ಸುಮಾರು ಮೂವತ್ತು ವರ್ಷ ಆಗಿತ್ತು. ಸಿರಿವಂತನಿಗೆ ಹವ್ಯಾಸಿಯಾಗಿರಲು ಏನು ಕಷ್ಟ? ಮನೆಯಲ್ಲಿ ಅನ್ನ ಇತ್ತು, ಹೊತ್ತೂ ಇತ್ತು.

ಇನ್ನು ನಮ್ಮ ಕಡೆಗೆ ಬನ್ನಿ. ವಿಜಯಪುರ, ಬಾಗಲಕೋಟೆ ಸೀಮೆಯ ಹುಡುಗ ಹುಡುಗಿಯರು ಎಷ್ಟೋ ವರ್ಷಗಳಿಂದ ಸೈಕ್ಲಿಂಗ್‌ನಲ್ಲಿ ರಾಷ್ಟ್ರಮಟ್ಟದಲ್ಲಿ ಪದಕ ತರುತ್ತಿದ್ದಾರೆ. ಜಾಸ್ತಿ ಜನ ರೈತರ, ಕೂಲಿಯವರ ಮಕ್ಕಳು. ಸ್ಪರ್ಧೆಗೆ ತಕ್ಕ ಒಳ್ಳೆಯ ಸೈಕಲ್ ಬೇಕೆಂದರೆ ಲಕ್ಷಗಳ ಮಾತು. ಟೈರು, ಊಟ, ಓಡಾಟ ಬೇರೆ. ಸಾಲ ಮಾಡಿದ ಅಪ್ಪನಿಗೆ ಮಗಳ ರೈಲ್ವೆ ನೌಕರಿ ಕಣ್ಣಮುಂದೆ ಇರಬಾರದೇ? ಕ್ರಿಕೆಟ್ಟಿನವರು ಕೋಟಿ ಎಣಿಸಿದರೆ ನಾವು ಸುಮ್ನೆ ಚಪ್ಪಾಳೆ ತಟ್ಟುತ್ತೇವೆ. ಸೈಕಲ್ಲಿನ ಹುಡುಗಿ ಒಂದು ಗುಮಾಸ್ತೆ ಕೆಲಸ ಕೇಳಿದರೆ ಆಟದ ಮರ್ಯಾದೆ ಹೋಯಿತು ಅನ್ನುತ್ತೇವೆ. ಪತ್ರಿಕೆಗಳೂ ಅಷ್ಟೇ. ಇವರ ಗೆಲುವಿಗೆ ಒಳಪುಟದ ನಾಲ್ಕು ಸಾಲು ಸಿಕ್ಕರೆ ಹೆಚ್ಚು. ನನಗೆ ಇದು ನಿಜವಾಗಿಯೂ ಸಿಟ್ಟು ತರಿಸುತ್ತದೆ.

ನೀವು ಮಕ್ಕಳಿಗೆ ಪಾಠ ಹೇಳಿದವರು. ಅವರಲ್ಲಿ ಎಷ್ಟೋ ಮಂದಿ ಓದಿದ್ದೂ ನೌಕರಿಗೇ. ಅವರ ಓದನ್ನು ನೀವು ಅಶುದ್ಧ ಅಂದಿರಲಾರಿರಿ. ಹಾಗಾಗಿ 'ನೌಕರಿ ಹಿಡಿಯಲೆಂದೇ ತುಳಿಯುತ್ತಾರೆ' ಎಂಬ ಆ ಸಾಲನ್ನು ದಯವಿಟ್ಟು ವಾಪಸ್ ತೆಗೆದುಕೊಳ್ಳಿ. ಎರಡು ಸಾಲು ಬರೆದು ಕಳಿಸಿದರೂ ಸಾಕು, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.

— ಸಂಪಾದಕ