ಕಲಬುರಗಿಯಲ್ಲಿ ಸ್ಕೆಚ್, ಊಟ, ಆಟ: ವರ್ಗವಾಗಿ ಬರುತ್ತಿರುವ ಸರ್‌ಗೆ

ಸರ್, ನಿಮ್ಮ ಪೋಸ್ಟ್ ನೋಡಿದೆ. ಶಿವಮೊಗ್ಗದಿಂದ ಕಲಬುರಗಿಗೆ ವರ್ಗವಾಗಿದೆ, ಜೂನ್‌ನಲ್ಲಿ ಬರುತ್ತೀರಿ. ಭಾನುವಾರ ಕೂತು ಸ್ಕೆಚ್ ಮಾಡೋಕೆ ಜಾಗ ಬೇಕು. ಮನೆಯವರು ಸಸ್ಯಾಹಾರಿ, ನೀವು ಅಲ್ಲ. ಮಗ ಎಂಟನೇ ಕ್ಲಾಸು, ಟೆನಿಸ್ ಆಡುತ್ತಾನೆ. "ಅಲ್ಲಿ ಬಿಸಿಲು ಬಿಟ್ಟು ಬೇರೆ ಏನಿದೆ ರೀ" ಅಂತ ಕೇಳಿದ್ದೀರಿ. ಗುಂಪಿನವರು ಆಗಲೇ ಕೋಟೆ, ದರ್ಗಾ, ಶರಣಬಸವೇಶ್ವರ ಗುಡಿ, ಬುದ್ಧ ವಿಹಾರ ಅಂತ ಪಟ್ಟಿ ಹಾಕಿದ್ದಾರೆ. ಪಟ್ಟಿ ಸರಿಯಾಗಿಯೇ ಇದೆ. ಆದರೆ ಅದನ್ನು ಹಿಡಿದುಕೊಂಡು ಮಧ್ಯಾಹ್ನ ಎರಡು ಗಂಟೆಗೆ ಹೊರಟರೆ ಸಂಜೆ ಹೊತ್ತಿಗೆ ನೀವೂ "ಇಲ್ಲೇನೂ ಇಲ್ಲ" ಅಂತ ಬರೆಯುತ್ತೀರಿ. ನಮ್ಮೂರಲ್ಲಿ ಎಲ್ಲಿ ಅನ್ನುವುದಕ್ಕಿಂತ ಯಾವಾಗ ಅನ್ನುವುದು ಮುಖ್ಯ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಊರು ಅಷ್ಟು ಗಡಿಯಾರ ನೋಡಿಕೊಂಡು ಬದುಕುತ್ತದೆ.

ಮೊದಲು ಸ್ಕೆಚ್ ವಿಷಯ, ನೀವು ಜಾಸ್ತಿ ಕೇಳಿದ್ದು ಅದೇ.

ಕೋಟೆಗೆ ಬೆಳಿಗ್ಗೆ ಆರೂವರೆ ಏಳಕ್ಕೆ ಹೋಗಿ. ಹೊರಗಿನ ಗೋಡೆ, ಬುರುಜು, ಕಂದಕ ಬರೆಯುವುದಿದ್ದರೆ ಆ ಹೊತ್ತಿನ ಓರೆ ಬೆಳಕೇ ಬೇಕು. ಒಂಬತ್ತರ ಮೇಲೆ ಕರಿಕಲ್ಲಿನ ಗೋಡೆಯಲ್ಲಿ ನೆರಳೇ ಉಳಿಯುವುದಿಲ್ಲ, ಎಲ್ಲಾ ಚಪ್ಪಟೆ. ಆಮೇಲೆ ಒಳಗಿನ ಜಾಮಾ ಮಸೀದಿಗೆ ಹೋಗಿ. ಬಹಮನಿ ಸುಲ್ತಾನರ ಕಾಲದ್ದು, 1367ರಲ್ಲಿ ಕಟ್ಟಿದ್ದು. ಬಹುತೇಕ ಹಳೆ ಮಸೀದಿಗಳಲ್ಲಿ ನಡುವೆ ತೆರೆದ ಅಂಗಳ ಇರುತ್ತದೆ, ಇಲ್ಲಿ ಇಲ್ಲ. ಇಡೀ ಕಟ್ಟಡದ ಮೇಲೆ ಗುಮ್ಮಟಗಳ ಚಾವಣಿ. ಹಾಗಾಗಿ ಹೊರಗೆ ಸುಡುತ್ತಿದ್ದರೂ ಒಳಗೆ ತಂಪು.

ಅಲ್ಲಿ ನಡುವಿನ ದೊಡ್ಡ ಗುಮ್ಮಟ ಬರೆಯಲು ಎಲ್ಲರಿಗೂ ಆಸೆ. ನನ್ನ ಮಾತು ಕೇಳಿ, ಪಕ್ಕದ ಓಣಿಯಂಥ ಸಾಲಿನಲ್ಲಿ ಕೂರಿ. ಅಲ್ಲಿ ಕಮಾನು ತುಂಬಾ ಅಗಲ, ಅದು ಹುಟ್ಟುವ ಜಾಗ ಮಾತ್ರ ನೆಲಕ್ಕೆ ಹತ್ತಿರ. ಕೂತವನ ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಕಂಬ ಮುಗಿದು ಬಾಗು ಶುರುವಾಗುತ್ತದೆ. ನಾವು ಅಭ್ಯಾಸಬಲದಿಂದ ಕಂಬವನ್ನು ಉದ್ದ ಎಳೆದುಬಿಡುತ್ತೇವೆ, ಆಗ ಚಿತ್ರ ಯಾವುದೋ ಬೇರೆ ಊರಿನ ಕಟ್ಟಡದ ಹಾಗೆ ಕಾಣುತ್ತದೆ. ಮೊದಲು ಹತ್ತಿರದ ಕಮಾನಿನ ಅಗಲ, ಎತ್ತರ ಎರಡನ್ನೂ ಪೆನ್ಸಿಲ್ ಹಿಡಿದು ಅಳೆಯಿರಿ. ಅದು ಕೂತರೆ ಹಿಂದಿನ ಕಮಾನುಗಳು ಒಂದರೊಳಗೊಂದು ತಾವಾಗೇ ಬರುತ್ತವೆ. ಶುಕ್ರವಾರ ಬಿಟ್ಟು ಬೇರೆ ದಿನ ನೋಡಿ. ಸ್ಟ್ಯಾಂಡ್, ಈಸಲ್ ಬೇಡ. ಪುರಾತತ್ವ ಇಲಾಖೆಯ ಜಾಗ, ಸುಮ್ನೆ ಕಾವಲುಗಾರರ ಜೊತೆ ವಾದ ಯಾಕೆ? ತೊಡೆ ಮೇಲೆ ಪುಸ್ತಕ ಇಟ್ಟುಕೊಂಡು ಕೂತರೆ ಯಾರೂ ಏನೂ ಅನ್ನುವುದಿಲ್ಲ. ಕೋಟೆಯೊಳಗೆ ಮನೆಗಳಿವೆ, ಹುಡುಗರು ಬಂದು ಸುತ್ತ ನಿಲ್ಲುತ್ತಾರೆ. "ಅಂಕಲ್, ಮೇರಾ ಭೀ ನಿಕಾಲೋ ನಾ" ಅಂತ ಗಂಟು ಬೀಳುತ್ತಾರೆ. ಒಂದು ಮುಖ ಬರೆದುಕೊಟ್ಟರೆ ಹತ್ತು ಮುಖ ಬರೆಯಬೇಕಾಗುತ್ತದೆ, ಎಚ್ಚರ.

ಬಣ್ಣದವರಿಗೆ ಒಂದು ಮಾತು. ಜಲವರ್ಣ ಇಲ್ಲಿಯ ಬಿಸಿಗಾಳಿಯಲ್ಲಿ ಕುಂಚ ಎತ್ತುವ ಮೊದಲೇ ಒಣಗುತ್ತದೆ. ಮಲೆನಾಡಿನ ಹಾಗೆ ಒದ್ದೆ ಮೇಲೆ ಒದ್ದೆ ಆಟ ಆಗುವುದಿಲ್ಲ. ಸ್ಪ್ರೇ ಬಾಟಲ್ ಇಟ್ಟುಕೊಳ್ಳಿ, ಸಣ್ಣ ಸಣ್ಣ ಭಾಗವಾಗಿ ಮುಗಿಸಿ. ಜುಲೈನಿಂದ ಫೆಬ್ರವರಿವರೆಗೆ ತೊಂದರೆ ಇಲ್ಲ. ಬಹಮನಿ ಸುಲ್ತಾನರ ಗೋರಿಗಳಿರುವ ಹಫ್ತ್ ಗುಂಬಜ್ ಸಂಜೆಗೆ ಇಟ್ಟುಕೊಳ್ಳಿ. ಅಲ್ಲಿ ಫಿರೋಜ್ ಷಾನ ಗೋರಿ ಎಲ್ಲಕ್ಕಿಂತ ದೊಡ್ಡದು, ಜೋಡಿ ಗುಮ್ಮಟದ್ದು. ಗಾರೆ ಕೆಲಸದ ಹೂವಿನ ಚಕ್ರಗಳು ನೋಡುವ ಹಾಗಿವೆ. ಮಳೆಬಿಸಿಲಿಗೆ ಗಾರೆ ಕಪ್ಪಾಗಿದೆ, ಆದರೆ ಕಪ್ಪು ಬಣ್ಣ ಮುಟ್ಟಬೇಡಿ. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಕಂದು ಬೆರೆಸಿ, ಆ ಬೂದು ಜೀವಂತ ಇರುತ್ತದೆ.

"ಗ್ಯಾಲರಿ ಇದೆಯಾ" ಅಂತ ಕೇಳಿದ್ದೀರಿ. ಬೆಂಗಳೂರಿನ ಚಿತ್ರಕಲಾ ಪರಿಷತ್ ಥರದ್ದು ನಿರೀಕ್ಷೆ ಮಾಡಬೇಡಿ. ಆದರೆ ಕಲಾವಿದರಿಗೆ ಬರ ಇಲ್ಲ. ಕ್ಯಾಲೆಂಡರ್ ಚಿತ್ರಗಳಿಗೂ ಹಿಂದಿ ಸಿನಿಮಾ ಪೋಸ್ಟರ್‌ಗಳಿಗೂ ಹೆಸರಾದ ಎಸ್.ಎಂ. ಪಂಡಿತ (1916-1993) ಈ ಊರಿನವರು. ನಿಮ್ಮ ಅಜ್ಜಿ ಮನೆ ಗೋಡೆಯ ದೇವರ ಕ್ಯಾಲೆಂಡರ್ ಅವರದೇ ಇದ್ದರೂ ಇರಬಹುದು. ಜೆ.ಎಸ್. ಖಂಡೇರಾವ್, ವಿ.ಜಿ. ಅಂದಾನಿ ಅವರಂಥ ಹಿರಿಯರು ಇಲ್ಲೇ ಇದ್ದು ಕೆಲಸ ಮಾಡಿದವರು. ಪಂಡಿತರ ಹೆಸರಿನ ರಂಗಮಂದಿರಕ್ಕೆ ಚಿತ್ರ ನೋಡಲು ಅಂತ ಹೋಗಬೇಡಿ, ಅಲ್ಲಿರುವುದು ನಾಟಕ, ಸಂಗೀತ, ಸಭೆ. ಚಿತ್ರ ನೋಡಬೇಕೆಂದರೆ ಎಂ.ಎಂ.ಕೆ. ದೃಶ್ಯಕಲಾ ಕಾಲೇಜಿನವರ ಪರಿಚಯ ಮಾಡಿಕೊಳ್ಳಿ. ಪರೀಕ್ಷೆ ಹೊತ್ತಿಗೆ ಹುಡುಗರ ಕೆಲಸವೆಲ್ಲಾ ಗೋಡೆ ಮೇಲೆ ಬರುತ್ತದೆ. ಹೊಲ, ಎತ್ತು, ಸಂತೆ, ಕರಿಮಣ್ಣು ಎಲ್ಲಾ ಅದರಲ್ಲಿ ಸಿಗುತ್ತದೆ. ನನ್ನ ಪ್ರಕಾರ ದುಡ್ಡು ಕೊಟ್ಟು ನೋಡುವ ಎಷ್ಟೋ ಪ್ರದರ್ಶನಕ್ಕಿಂತ ಅದು ಮೇಲು. ಸರ್ಕಾರಿ ಮ್ಯೂಸಿಯಂನಲ್ಲಿ ಹಳೆಯ ಬೌದ್ಧ ನೆಲೆ ಸನ್ನತಿ ಕಡೆಯ ಶಿಲ್ಪಗಳಿವೆ, ಒಂದು ಸಲ ನೋಡಿ. ಚಳಿಗಾಲದಲ್ಲಿ ಸನ್ನತಿಗೇ ಹೋಗಿ ಬನ್ನಿ. ಭೀಮಾ ದಂಡೆ, ಪಕ್ಕದಲ್ಲೇ ಕನಗನಹಳ್ಳಿಯ ಸ್ತೂಪ. "ರಾಯೊ ಅಸೋಕೊ" ಅಂತ ಹೆಸರು ಕೆತ್ತಿದ ಅಶೋಕನ ಶಿಲ್ಪ ಸಿಕ್ಕಿದ್ದು ಅಲ್ಲೇ.

ಇನ್ನು ಊಟ. ನಿಮ್ಮದು, ಮನೆಯವರದು ಬೇರೆ ಬೇರೆ ದಾರಿ, ಅಲ್ವಾ? ಇಲ್ಲಿ ಅದು ಸಮಸ್ಯೆಯೇ ಅಲ್ಲ.

ಮನೆಯವರಿಗೆ ಖಾನಾವಳಿ. ಹೆಸರು ಹೇಳುವುದಿಲ್ಲ, ಒಬ್ಬೊಬ್ಬರಿಗೆ ಒಂದೊಂದು, ಇಲ್ಲಿ ಜಗಳ ಶುರುವಾಗುತ್ತದೆ. ಒಳ್ಳೆಯದನ್ನು ಗುರುತಿಸುವುದು ಹೇಗೆ ಅಂತ ಮಾತ್ರ ಹೇಳುತ್ತೇನೆ. ಮಧ್ಯಾಹ್ನ ಒಂದರೊಳಗೆ ಹೋಗಿ, ಒಳಗಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತದೆಯೋ ನೋಡಿ. ಹಿಂಗಾರಿ ಬಿಳಿಜೋಳದ ಹಿಟ್ಟು, ಅದರಲ್ಲೂ ಮಾಲದಂಡಿ ತಳಿ ಇದ್ದರೆ ರೊಟ್ಟಿಗೆ ಸ್ವಲ್ಪ ಸಿಹಿ ಇರುತ್ತದೆ. ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದಿ, ಅಂಗೈಯಲ್ಲಿ ಬಡಿದು, ಹಂಚಿಗೆ ಹಾಕಿದ ಮೇಲೆ ಮೇಲ್ಮೈಗೆ ಒದ್ದೆ ಬಟ್ಟೆ ಆಡಿಸುತ್ತಾರೆ. ಆ ನೀರು ಆರುವ ಹೊತ್ತಿಗೆ ಸರಿಯಾಗಿ ತಿರುವಬೇಕು. ಬೇಗ ತಿರುವಿದರೆ ಹಂಚಿಗೆ ಅಂಟುತ್ತದೆ, ತಡವಾದರೆ ಮೇಲೆಲ್ಲಾ ಬಿರುಕು. ಚೆನ್ನಾಗಿ ಆದದ್ದು ಬೆಂಕಿ ಕಂಡ ಕೂಡಲೇ ಉಬ್ಬುತ್ತದೆ. ಅದನ್ನು ಬಿಸಿ ಇರುವಾಗಲೇ ತಿನ್ನಬೇಕು. ತಣ್ಣಗೆ ಬೇಕೆಂದರೆ ಖಡಕ್ ರೊಟ್ಟಿ ಕೇಳಿ, ಅದು ಬೇರೆಯೇ ಸುಖ. ಜೊತೆಗೆ ಎಣ್ಣೆಗಾಯಿ, ಕಾಳು ಪಲ್ಯ, ಶೇಂಗಾ ಹಿಂಡಿ, ಮೊಸರು, ಉಳ್ಳಾಗಡ್ಡಿ. ಪುಂಡಿ ಪಲ್ಯ ಇದ್ದರೆ ಬಿಡಬೇಡಿ. ಆ ಸೊಪ್ಪು ಹುಳಿ, ನುಚ್ಚು ಹಾಕಿ ಬೇಯಿಸಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟಿರುತ್ತಾರೆ. ಮನೆಗೆ ರೊಟ್ಟಿ ಬೇಕಾದರೆ ಲೆಕ್ಕದ ಮೇಲೆ ಮಾರುವ ಹೆಣ್ಣುಮಕ್ಕಳು ಓಣಿ ಓಣಿಯಲ್ಲಿ ಇದ್ದಾರೆ. ಶಿವಮೊಗ್ಗದವರು ಕಷ್ಟಪಟ್ಟು ಬಡಿಯಲು ಕಲಿಯಬೇಕಿಲ್ಲ.

ತೊಗರಿಬೇಳೆ ಊರಿಂದ ಹೊತ್ತು ತರಬೇಡಿ, ದಯವಿಟ್ಟು. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಗಂಜ್ (ಧಾನ್ಯದ ಮಾರುಕಟ್ಟೆ) ಕಡೆ ಹೋದರೆ ದಾಲ್ ಮಿಲ್‌ನಿಂದಲೇ ತರಬಹುದು. ಹೊಸ ಬೆಳೆ ಬರುವುದು ಡಿಸೆಂಬರ್, ಜನವರಿ ಹೊತ್ತಿಗೆ. ವರ್ಷದ ಬೇಳೆ ಆಮೇಲೆ ತುಂಬಿಸಿಕೊಳ್ಳಿ.

ನಿಮಗೆ ತಹರಿ. ಬಿರಿಯಾನಿ ಅಂದುಕೊಂಡು ಹೋಗಬೇಡಿ, ಬೇಜಾರಾಗುತ್ತದೆ. ಇದರಲ್ಲಿ ಪದರ ಇಲ್ಲ, ಕೇವಡಾ ಘಮ ಇಲ್ಲ. ಮಟನ್, ಅಕ್ಕಿ, ಅರಿಶಿನ ಎಲ್ಲಾ ಒಂದೇ ಪಾತ್ರೆಯಲ್ಲಿ ಒಟ್ಟಿಗೆ ಬೆಂದದ್ದು, ಹಳದಿ ಅನ್ನ. ಮಸಾಲೆ ಕಮ್ಮಿ, ಮಾಂಸದ ರಸವೇ ಅಕ್ಕಿಗೆ ಇಳಿದಿರುತ್ತದೆ. ಡೇಗು, ಅಂದರೆ ಆ ದೊಡ್ಡ ಪಾತ್ರೆ, ತೆರೆದ ಹೊತ್ತಿಗೆ ಹೋದರೆ ಅನ್ನ ಬಿಡಿ ಬಿಡಿ. ರಾತ್ರಿ ಹೋದರೆ ತಳ ಕೆರೆದದ್ದು. ಸಂಜೆಗೆ ಸೂಪರ್ ಮಾರ್ಕೆಟ್ ಕಡೆ ಮಿರ್ಚಿ ಭಜಿ, ಸುಸಲಾ (ನೆನೆಸಿದ ಮಂಡಕ್ಕಿಯ ಒಗ್ಗರಣೆ). ಸಿಹಿಗೆ ಮಾಲ್ಪುರಿ, ಒಂದಕ್ಕಿಂತ ಜಾಸ್ತಿ ಆಗುವುದಿಲ್ಲ. ರಂಜಾನ್ ತಿಂಗಳಲ್ಲಿ ಮಾತ್ರ ಲೆಕ್ಕ ತಿರುಗುಮುರುಗು, ಮುಸ್ಲಿಂ ಚೌಕ್ ಕಡೆ ಹಲೀಮ್‌ಗೆ ರಾತ್ರಿಯೇ ಹೋಗಬೇಕು.

ಹೋಟೆಲ್‌ನಲ್ಲಿ ಸಿಗದ ಒಂದು ಊಟ ಇದೆ. ಎಳ್ಳ ಅಮಾವಾಸ್ಯೆಗೆ ಕಲಬುರಗಿ, ಬೀದರ್ ಕಡೆ ಎಲ್ಲರೂ ಹೊಲಕ್ಕೆ ಹೋಗಿ ಚರಗ, ಅಂದರೆ ಭೂಮಿತಾಯಿಗೆ ಇಟ್ಟ ಎಡೆ, ಚೆಲ್ಲುತ್ತಾರೆ. ಸಿಕ್ಕ ಸೊಪ್ಪು, ಹಸಿ ಕಾಳು ಎಲ್ಲಾ ಹಾಕಿ ಮಾಡಿದ ಭಜ್ಜಿ, ಸಜ್ಜೆ ಕಡುಬು, ಅಂಬಲಿ. ಆಫೀಸಿನಲ್ಲಿ ಯಾರಿಗಾದರೂ ಹೊಲ ಇದ್ದೇ ಇರುತ್ತದೆ. ಕರೆದರೆ ನಾಚಿಕೆ ಮಾಡಿಕೊಳ್ಳದೆ ಹೋಗಿ, ಸ್ಕೆಚ್‌ಬುಕ್ಕೂ ತೆಗೆದುಕೊಂಡು ಹೋಗಿ.

ಮಗನ ಟೆನಿಸ್. ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಕೋರ್ಟ್ ಇದೆ. 2023ರ ಕೊನೆಯಲ್ಲಿ ಅಲ್ಲಿ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟ) ಪುರುಷರ ಟೂರ್ನಿ ಆಯಿತು, 25 ಸಾವಿರ ಡಾಲರ್ ಬಹುಮಾನದ್ದು. ಸಿಂಗಲ್ಸ್ ಗೆದ್ದದ್ದು ರಾಮಕುಮಾರ್ ರಾಮನಾಥನ್. ಇಂಥ ಸಣ್ಣ ಊರಿನ ಟೂರ್ನಿಯ ಲಾಭ ಏನೆಂದರೆ, ಆಟಗಾರ ಎರಡನೇ ಸರ್ವ್‌ಗೆ ಕಾಲು ಹೇಗೆ ಇಡುತ್ತಾನೆ ಅನ್ನುವುದು ಹುಡುಗನಿಗೆ ಹತ್ತಿರದಿಂದ ಕಾಣುತ್ತದೆ. ಮತ್ತೆ ಬಂದರೆ ಶಾಲೆಗೆ ಒಂದು ದಿನ ರಜೆ ಹಾಕಿಸಿ, ಪರವಾಗಿಲ್ಲ. ಕೋಚಿಂಗ್ ವಿಚಾರ ಫೋನಿನಲ್ಲಿ ಕೇಳಬೇಡಿ, ಬಂದ ವಾರದಲ್ಲೇ ಬೆಳಿಗ್ಗೆ ಆರಕ್ಕೆ ಹೋಗಿ ನಿಂತುಕೊಳ್ಳಿ. ಯಾರು ಕಲಿಸುತ್ತಾರೆ, ಯಾರು ಬರೀ ಶೀಟಿ ಊದುತ್ತಾರೆ ಅಂತ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಕ್ರಿಕೆಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ರಾಜ್ಯದ ಟಿ20 ಲೀಗ್ ಆದ ಮಹಾರಾಜ ಟ್ರೋಫಿಯನ್ನು 2022ರಲ್ಲಿ ಗೆದ್ದದ್ದು ಮನೀಷ್ ಪಾಂಡೆ ನಾಯಕನಾಗಿದ್ದ ಗುಲ್ಬರ್ಗ ಮಿಸ್ಟಿಕ್ಸ್. ಪಂದ್ಯ ನಡೆದದ್ದು ಮೈಸೂರು, ಬೆಂಗಳೂರಲ್ಲಿ, ನಾವು ಟಿವಿಯಲ್ಲಿ ನೋಡಿ ಚಪ್ಪಾಳೆ ಹೊಡೆದೆವು. ಕಣ್ಣೆದುರು ಆಟ ಬೇಕೆಂದರೆ ಎನ್.ವಿ. ಮೈದಾನದಲ್ಲಿ ರಜೆ ದಿನದ ಟೆನಿಸ್ ಬಾಲ್ ಕ್ರಿಕೆಟ್ ನೋಡಿ.

ಇಲ್ಲಿಯ ನಿಜವಾದ ಆಟ ಕುಸ್ತಿ, ಅದು ಜಾತ್ರೆಯ ಜೊತೆ ಬರುತ್ತದೆ. ಸಂಜೆ ಸಣ್ಣ ಹುಡುಗರ ಜೋಡಿಯಿಂದ ಶುರುವಾಗಿ, ಪಂತ ಏರುತ್ತಾ ಹೋಗಿ, ಕಡೇ ಕುಸ್ತಿ ಗೆದ್ದವನಿಗೆ ಬೆಳ್ಳಿ ಖಡೆ (ಕಡಗ). ವೇಗದ ಸ್ಕೆಚ್ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಇಬ್ಬರೂ ಹಿಡಿತ ಹಾಕಿ ಹಣೆಗೆ ಹಣೆ ಕೊಟ್ಟು ನಿಲ್ಲುವ ಹೊತ್ತು ಸಿಗುತ್ತದೆಯಲ್ಲ, ಅಷ್ಟರಲ್ಲಿ ಬೆನ್ನಿನ ಗೆರೆ, ಹಿಂದಿನ ಕಾಲಿನ ಗೆರೆ, ಎರಡೇ ಹಿಡಿಯಿರಿ. ಮುಖ ಬಿಡಿ.

ಹಾಗಾಗಿ ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿಕೊಳ್ಳಿ. ಶರಣಬಸವೇಶ್ವರ ರಥೋತ್ಸವ ಹೋಳಿಯಾಗಿ ಐದನೇ ದಿನದ ಸುಮಾರಿಗೆ, ಹಿಂದಿನ ದಿನ ಉಚ್ಚಾಯಿ (ಸಣ್ಣ ರಥ). ದರ್ಗಾದ ಸೂಫಿ ಸಂತ ಬಂದೇ ನವಾಜ್ ಉರುಸಿನ ಸಂದಲ್ (ಗಂಧ) ಮೆರವಣಿಗೆ ಪಬ್ಲಿಕ್ ಗಾರ್ಡನ್‌ನ ಮೆಹಬೂಬ್ ಗುಲ್ಷನ್‌ನಿಂದ ಹೊರಡುತ್ತದೆ. ಅದು ಚಾಂದ್ರಮಾನದ ಲೆಕ್ಕ, ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ.

ಬೀದರ್‌ಗೂ ಒಂದು ಭಾನುವಾರ ಇಟ್ಟುಕೊಳ್ಳಿ. 2017ರಿಂದ ನೇರ ರೈಲು ದಾರಿ ಇದೆ. ಬಿದ್ರಿ, ಅಂದರೆ ಕಪ್ಪು ಲೋಹದ ಮೇಲೆ ಬೆಳ್ಳಿ ಕೂರಿಸಿದ ಸಾಮಾನು, ಅಂಗಡಿಯಲ್ಲಿ ಕೊಳ್ಳುವುದಕ್ಕಿಂತ ಮಾಡುವುದನ್ನು ನೋಡಿ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದ ಪಾತ್ರೆ ಮೊದಲು ಬೂದು ಬಣ್ಣದ್ದು. ಮೈಲುತುತ್ತದ ನೀರು ಸವರಿ ತಾತ್ಕಾಲಿಕ ಕಪ್ಪು ಮಾಡಿ, ಅದರ ಮೇಲೆ ಚಿತ್ರ ಗೀಚಿ, ಉಳಿಯಿಂದ ಕೊರೆದು, ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಉಜ್ಜಿದ ಮೇಲೆ ಬೆಳ್ಳಿಯೂ ಲೋಹವೂ ಒಂದೇ ಥರ ಹೊಳೆಯುತ್ತವೆ, ಚಿತ್ರವೇ ಕಾಣುವುದಿಲ್ಲ. ಕಡೆಗೆ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ, ಬಿಸಿ ಮಾಡಿದ ಪಾತ್ರೆಗೆ ಹಚ್ಚಿ ತಿಕ್ಕುತ್ತಾರೆ. ಲೋಹ ಕಡುಗಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಆ ಒಂದು ಕ್ಷಣಕ್ಕೆ ಕಾದು ಕೂತರೂ ನಷ್ಟ ಇಲ್ಲ. ಈ ಕೆಲಸಕ್ಕೆ ಬೀದರ್‌ನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು.

ಬೀದರ್‌ಗೆ ಹೋಗುವ ದಿನ ನೀವೇ ಆರಿಸಿಕೊಳ್ಳುವ ಹಾಗಿದ್ದರೆ ಹೋಳಿ ಮುಗಿದ ಮೇಲೆ ಅಷ್ಟೂರಿನ ಉರುಸಿಗೆ ಹೋಗಿ. ಅಹ್ಮದ್ ಷಾ ವಲಿಯ ಗೋರಿ. ಕಲಬುರಗಿಯಿಂದ ರಾಜಧಾನಿಯನ್ನು ಬೀದರ್‌ಗೆ ಒಯ್ದ ಸುಲ್ತಾನ ಇವನೇ. ಒಳಗೆ ಗೋಡೆ, ಗುಮ್ಮಟದ ತುಂಬಾ ಬಣ್ಣದ ಚಿತ್ತಾರ. ಹೊರಗೆ ಜಾತ್ರೆ, ಕುಸ್ತಿ. ಆಳಂದ ಕಡೆಯ ಮಾಡಿಯಾಳದಿಂದ ಜಂಗಮರು ನಡೆದುಕೊಂಡು ಬರುತ್ತಾರೆ, ಹಿಂದೂ ಮುಸ್ಲಿಂ ಅಂತ ಇಲ್ಲದೆ ಜನ ಸೇರುತ್ತಾರೆ. ಒಳಗಿನ ಬಣ್ಣ ನೋಡಲು ಟಾರ್ಚ್ ಬೇಡ, ಬಾಗಿಲ ಬೆಳಕಿಗೆ ಕಣ್ಣು ಹೊಂದಿಕೊಳ್ಳುವ ತನಕ ಸುಮ್ನೆ ನಿಂತರೆ ಸಾಕು.

ಕಡೆಯದಾಗಿ ಕೇಳಿದ್ದಿರಿ, ಕೂಲರ್ ತರಬೇಕಾ ಅಂತ. ಬೇಡ, ಲಾರಿ ಬಾಡಿಗೆ ದಂಡ. ಇಲ್ಲೇ ಎಲ್ಲಾ ಅಳತೆಯದೂ ಸಿಗುತ್ತದೆ, ಅದೂ ಮಳೆ ಬಿದ್ದ ಮೇಲೆ ಕೊಂಡರೆ ರೇಟು ಕಮ್ಮಿ. ಮನೆ ನೋಡುವಾಗ ಎರಡು ಕೇಳಿ: ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ, ಮತ್ತೆ ಮೇಲೆ ಇನ್ನೊಂದು ಮಹಡಿ ಇದೆಯೋ ಇಲ್ಲವೋ. ತಾರಸಿ ಕೆಳಗಿನ ಮನೆ ಎಷ್ಟು ಕಮ್ಮಿಗೆ ಕೊಟ್ಟರೂ ಬೇಡ ಅನ್ನಿ.