ತೂಕದ ಯಂತ್ರದ ಮೇಲೆಯೇ ಕೂತು ನೋಡಿ

ಪ್ರಿಯ ಓದುಗರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಧ್ಯಾನಕ್ಕೆ ಕೂತಾಗ ಮೈ ಹಗುರಾಗುತ್ತದೆ, ಒಮ್ಮೆ ನೆಲ ಬಿಟ್ಟು ಮೇಲೆದ್ದಂತೆಯೇ ಅನಿಸಿತು ಎಂದು ಬರೆದಿದ್ದೀರಿ. ಗಾಳಿಯಲ್ಲಿ ತೇಲಿದವರ ಕಥೆಗಳೆಲ್ಲ ಸುಳ್ಳೇ, ಮನಸ್ಸಿನಿಂದ ತೂಕ ಇಳಿಸಲು ಆಗುವುದೇ ಇಲ್ಲವೇ ಎಂದೂ ಕೇಳಿದ್ದೀರಿ.

ನಿಮಗೆ ಹಾಗೆ ಅನಿಸಿದ್ದು ಖಂಡಿತ ನಿಜ. ಚರ್ಮ, ಕೀಲು, ಸ್ನಾಯು, ಒಳಕಿವಿ ಕಳಿಸುವ ಸುದ್ದಿಯಿಂದಲೇ ಮೈ ಎಲ್ಲಿದೆ, ಹೇಗಿದೆ ಎಂದು ಮೆದುಳಿಗೆ ಗೊತ್ತಾಗುವುದು. ಕಣ್ಣು ಮುಚ್ಚಿ, ಅಲುಗಾಡದೆ ಬಹಳ ಹೊತ್ತು ಕೂತರೆ ಆ ಸುದ್ದಿ ಕಡಿಮೆಯಾಗುತ್ತದೆ. ಕೈಕಾಲು ಎಲ್ಲಿ ಮುಗಿಯಿತು ಅನ್ನುವುದೇ ತಿಳಿಯುವುದಿಲ್ಲ. ಪತಂಜಲಿಯ ಯೋಗಸೂತ್ರ ಆಕಾಶಗಮನದ ಮಾತು ಬಂದಾಗ ಹಗುರವಾದ ಹತ್ತಿಯ ಹೋಲಿಕೆ ಕೊಡುತ್ತದೆ. ಹಾಗಾಗಿ ನಿಮ್ಮ ಅನುಭವ ಹೊಸದಲ್ಲ. ಅದನ್ನು ಯಾರಾದರೂ ನಕ್ಕು ತಳ್ಳಿಹಾಕಿದರೆ ನನಗೆ ಬೇಜಾರಾಗುತ್ತದೆ.

ಆದರೆ ಹಗುರ ಅನಿಸುವುದು ಬೇರೆ, ಹಗುರಾಗುವುದು ಬೇರೆ ಅಲ್ವಾ? 1868ರಲ್ಲಿ ಲಂಡನ್ನಿನಲ್ಲಿ ಡೇನಿಯಲ್ ಹೋಮ್ ಎಂಬಾತ ಒಂದು ಕಿಟಕಿಯಿಂದ ಹೊರಗೆ ತೇಲಿ, ಪಕ್ಕದ ಕಿಟಕಿಯಿಂದ ಒಳಗೆ ಬಂದ ಎಂದು ಅಲ್ಲಿದ್ದವರು ಹೇಳಿದರು. ಅವರು ಬರೆದಿಟ್ಟ ವಿವರಗಳು ಒಂದಕ್ಕೊಂದು ಹೊಂದುವುದಿಲ್ಲ. ಕೋಲಿನ ಮೇಲೆ ಕೈಯಿಟ್ಟು ಗಾಳಿಯಲ್ಲಿ ಕೂರುವವರ ಗುಟ್ಟಂತೂ ಬಯಲಾಗಿದೆ. ಕೋಲಿನಿಂದ ಬಟ್ಟೆಯೊಳಗೆ ಹೋಗುವ ಲೋಹದ ಸರಳೇ ಅವರನ್ನು ಹೊತ್ತಿರುತ್ತದೆ. ಯಾರಿಂದಲೂ ನೋಡುವವರೆಲ್ಲ ಒಪ್ಪುವಂತೆ, ತೂಕದ ಯಂತ್ರದ ಮೇಲೆ, ಮನಸ್ಸಿನಿಂದಲೇ ತೂಕ ಇಳಿಸಿ ತೋರಿಸಲು ಈವರೆಗೆ ಆಗಿಲ್ಲ. ನನ್ನ ಅನುಮಾನ ಇರುವುದು ಇಲ್ಲೇ.

ಹಾಗಂತ ಆಸೆ ಬಿಡಬೇಕಿಲ್ಲ. 1997ರಲ್ಲಿ ನೆದರ್ಲೆಂಡ್ಸಿನ ನೈಮೇಖನ್‌ನಲ್ಲಿ ಆಂದ್ರೆ ಗೈಮ್ ಮತ್ತು ಸಂಗಡಿಗರು ಜೀವಂತ ಕಪ್ಪೆಯೊಂದನ್ನು ಗಾಳಿಯಲ್ಲಿ ನಿಲ್ಲಿಸಿದರು. ದಾರವಿಲ್ಲ, ಸರಳಿಲ್ಲ. ಇದ್ದದ್ದು ಸುಮಾರು 16 ಟೆಸ್ಲಾದ (ಟೆಸ್ಲಾ ಅಂದರೆ ಅಯಸ್ಕಾಂತದ ಬಲದ ಅಳತೆ) ಅಯಸ್ಕಾಂತ ಮಾತ್ರ. ಅಯಸ್ಕಾಂತ ನೀರನ್ನು ಬಹಳ ಮೆಲ್ಲಗೆ ದೂರ ತಳ್ಳುತ್ತದೆ. ಕಪ್ಪೆಯ ಮೈಯಲ್ಲಿ ನೀರೇ ಜಾಸ್ತಿ. ಅಯಸ್ಕಾಂತ ಅಷ್ಟು ಬಲವಾಗಿದ್ದಾಗ ಆ ಮೆಲ್ಲನೆಯ ತಳ್ಳುವಿಕೆಯೇ ಭೂಮಿಯ ಸೆಳೆತಕ್ಕೆ ಸಮನಾಯಿತು. 2009ರಲ್ಲಿ ಅಮೆರಿಕದಲ್ಲಿ ಇಲಿಮರಿಯೂ ಹೀಗೆ ತೇಲಿತು. ನಮ್ಮ ಮೈಯಲ್ಲಿರುವುದೂ ಅದೇ ನೀರು. ಆದರೆ ಇಡೀ ಮನುಷ್ಯ ಹಿಡಿಸುವಷ್ಟು ಜಾಗದಲ್ಲಿ ಅಂಥ ಬಲ ಹುಟ್ಟಿಸುವುದು ಬಹಳ ಕಷ್ಟ. ಕಷ್ಟ ಅಂದೆ, ಅಸಾಧ್ಯ ಅನ್ನಲಿಲ್ಲ. ಆ ಕಪ್ಪೆಯ ಚಿತ್ರ ನೋಡಿದಾಗಲೆಲ್ಲ ನನಗೆ ನಿಜಕ್ಕೂ ಖುಷಿಯಾಗುತ್ತದೆ.

ಇನ್ನು ನಿಮ್ಮ ಧ್ಯಾನಕ್ಕೆ ಬರೋಣ. ಗ್ರಾಂ ಲೆಕ್ಕ ತೋರಿಸುವ ತೂಕದ ಯಂತ್ರ ಸಿಕ್ಕರೆ ಅದರ ಮೇಲೆ ಗಟ್ಟಿ ಹಲಗೆ ಇಟ್ಟು, ಅಲ್ಲೇ ಧ್ಯಾನಕ್ಕೆ ಕೂರಿ. ಅಂಕಿ ಬರೆದುಕೊಳ್ಳಲು ಬೇರೆಯವರಿರಲಿ. ಯಂತ್ರಕ್ಕೆ ತಿಳಿಯುವುದು ನೀವು ಅದನ್ನು ಎಷ್ಟು ಒತ್ತುತ್ತೀರಿ ಅನ್ನುವುದಷ್ಟೇ. ಸ್ವಲ್ಪ ಕುಗ್ಗಿದರೂ ಅಂಕಿ ಒಮ್ಮೆ ಇಳಿದು, ಮತ್ತೆ ಏರಿ, ಆಮೇಲೆ ನಿಲ್ಲುತ್ತದೆ. ಆ ಕ್ಷಣದ ಇಳಿತವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಸುಮ್ನೆ ಕೂತರೂ ಉಸಿರು ಮತ್ತು ಬೆವರಿನಲ್ಲಿ ಗಂಟೆಗೆ ಹತ್ತಾರು ಗ್ರಾಂ ಹೋಗುತ್ತದೆ, ಅದನ್ನೂ ಕಳೆಯಿರಿ. ಧ್ಯಾನವಿಲ್ಲದೆ ಅಷ್ಟೇ ಹೊತ್ತು ಕೂತು ಇನ್ನೊಂದು ದಿನ ತೂಗಿ, ಎರಡನ್ನೂ ಹೋಲಿಸಿ. ಹತ್ತು ದಿನದ ಅಂಕಿಗಳನ್ನು ನನಗೆ ಕಳಿಸಿ. ತೂಕ ಇಳಿಯದಿದ್ದರೂ ಕಳಿಸಿ, ಅವನ್ನೂ ಹಾಗೇ ಪ್ರಕಟಿಸುತ್ತೇನೆ.

— ಸಂಪಾದಕ